ಆನೆಯ ಭುಜದಲ್ಲಿ ಸಿಕ್ಕ ಗುಂಡು

"ಇದು ನಿನ್ನೆ ಹೊಡೆದ ಗುಂಡಲ್ಲ," ಎಂದು ಪಶುವೈದ್ಯ ಡಾಕ್ಟರ್ ಸಿಯಾಮೆ ಸತ್ತ ಆನೆಯ ಭುಜದೊಳಗಿಂದ ಕೈ ಹೊರಗೆಳೆದರು. ಮೊಣಕೈವರೆಗೆ ರಕ್ತ. ಬೆರಳುಗಳ ನಡುವೆ ಕೀವು ಮೆತ್ತಿದ ಲೋಹದ ಚೂರೊಂದಿತ್ತು.

ಎಸ್ನಾಟ್ ಚುಲು ಅಂಗೈ ಒಡ್ಡಿದಳು. ಡಾಕ್ಟರು ಅದನ್ನು ನೀರು ಸುರಿದು ತೊಳೆದು ಅವಳ ಕೈಗಿಟ್ಟರು. ಮೂತಿ ಕೊಂಚ ಚಪ್ಪಟೆಯಾದ, ತಾಮ್ರದ ಬಣ್ಣದ ತೆಳ್ಳನೆಯ ಗುಂಡು.

"ನಿನ್ನೆ ಇದನ್ನ ಹೊಡೆದ ತಂಡದವರದು ದೊಡ್ಡ ಬಂದೂಕು. ಅವರ ಗುಂಡೆಲ್ಲ ತಲೆಯಲ್ಲಿವೆ. ಇದು ಭುಜದ ಮೂಳೆಗೆ ಬಡಿದು ಅಲ್ಲೇ ಕೂತಿದೆ. ಸುತ್ತ ಕೀವು ಕಟ್ಟಿದೆ ನೋಡಿ. ಒಂದು ವಾರದ ಗಾಯ ಇರಬಹುದು."

"ಗಸ್ತಿನವರ ರೈಫಲ್ಲಿಂದು ಇದು."

"ಅದು ನಿಮಗೆ ಗೊತ್ತಿರಬೇಕು. ಇಷ್ಟು ಕೀವು ಇಟ್ಕೊಂಡು ಈ ಪ್ರಾಣಿಗೆ ಕಾಲು ಊರೋಕೂ ಕಷ್ಟ ಇತ್ತು. ಅಷ್ಟು ಮಾತ್ರ ನಾನು ಹೇಳಬಲ್ಲೆ."

ಎಸ್ನಾಟ್ ಗುಂಡನ್ನು ಅಂಗೈಯಲ್ಲಿ ಹೊರಳಿಸಿದಳು. ಪಾರ್ಕಿನ ಹಿರಿಯ ಗೈಡ್ ಯೋತಾಮ್ ಸಕಾಲನನ್ನು ಈ ಒಂಟಿದಂತದ ಸಲಗ ತುಳಿದು ಕೊಂದಿತೆಂಬ ಹೇಳಿಕೆಯನ್ನು ನಂಬಿ, ಇದನ್ನು ಹೊಡೆಯಬಹುದೆಂದು ಸಹಿ ಹಾಕಿದ ತನಿಖಾಧಿಕಾರಿ ಅವಳೇ.

ಆನೆ ಮ್ಸಾಂದಿಲೆ ಹೊಳೆಯ ಒಣ ಮರಳಿನ ಮೇಲೆ ಪಕ್ಕಕ್ಕೆ ಮಲಗಿತ್ತು. ಒಂದು ಕಣ್ಣು ಆಕಾಶಕ್ಕೆ ತೆರೆದುಕೊಂಡಿತ್ತು. ಉದ್ದನೆಯ ರೆಪ್ಪೆಗೂದಲಿಗೆ ಧೂಳು ಹತ್ತಿತ್ತು. ಹೊಡೆಯಲು ಹೋದ ತಂಡದ ಮುಖ್ಯಸ್ಥ ನಿನ್ನೆ ಸಂಜೆ ಬಂದು ಹೇಳಿದ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು: "ಓಡಲೇ ಇಲ್ಲ ಮೇಡಂ. ಜೀಪು ನೋಡಿ ಅಭ್ಯಾಸ ಅದಕ್ಕೆ. ಸೊಂಡಿಲು ಎತ್ತಿ ನಮ್ಮನ್ನ ಮೂಸಿ ಮತ್ತೆ ಮರಳಲ್ಲಿ ತೋಡಿದ ಗುಂಡೀಲಿ ನೀರು ಕುಡೀತಾ ನಿಂತಿತ್ತು."

ಯೋತಾಮ್ ಇದನ್ನು ಅಜ್ಜ ಎಂದು ಕರೆಯುತ್ತಿದ್ದ. ಪ್ರವಾಸಿಗಳಿಗೆ ತೋರಿಸುವಾಗಲೂ ಅಷ್ಟೇ, "ನಮ್ಮ ಅಜ್ಜ ಸ್ನಾನಕ್ಕೆ ಬಂದಿದಾರೆ, ಮಾತಾಡಬೇಡಿ" ಎನ್ನುತ್ತಿದ್ದ.

ಮೊಪಾನಿ ಮರಗಳ ನೆರಳಲ್ಲಿ ಹಳ್ಳಿಯವರು ಬೋಗುಣಿ, ಚೀಲ ಹಿಡಿದು ಮಾಂಸಕ್ಕೆ ಕಾದಿದ್ದರು. ಅವರ ತಲೆಯ ಮೇಲಿನ ಕೊಂಬೆಗಳಲ್ಲಿ ರಣಹದ್ದುಗಳೂ ಕಾದಿದ್ದವು.

"ಆಫೀಸರಮ್ಮ, ಬೇಗ ಮುಗಿಸಿ," ಎಂದು ಮುದುಕಿಯೊಬ್ಬಳು ಕೂಗಿದಳು. "ಈ ಬಿಸಿಲಿಗೆ ಮಾಂಸ ಕೆಡ್ತದೆ."

"ತಡಿಯಜ್ಜಿ," ಎಂದ ಪಕ್ಕದವನು. "ಅದರ ಹೊಟ್ಟೇಲಿ ತಪ್ಪೊಪ್ಪಿಗೆ ಏನಾದ್ರೂ ಇದೆಯಾ ಅಂತ ಹುಡುಕ್ತಿದಾರೆ."

ನಗು ಹರಡಿತು. ಎಸ್ನಾಟ್ ಬೆನ್ನು ತಿರುಗಿಸಿ ಗುಂಡನ್ನು ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡಳು.

ವಾರದ ಹಿಂದೆ, ಯೋತಾಮ್ ಸತ್ತ ದಿನ, ಅವನ ಜತೆ ಬಂದೂಕು ಹಿಡಿದು ಹೋಗಿದ್ದ ಗಸ್ತಿನವನು ಅವನ ಸ್ವಂತ ಅಕ್ಕನ ಮಗ ಮಸೌಸೊ. ಅವನ ಹೇಳಿಕೆ ಅವಳಿಗೆ ಬಾಯಿಪಾಠವಾಗಿತ್ತು: ಪ್ರವಾಸಿಗಳನ್ನು ಹುತ್ತದ ಹಿಂದೆ ನಿಲ್ಲಿಸಿ ಸೋದರಮಾವ ಒಬ್ಬರೇ ಮುಂದೆ ಹೋದರು. ಪೊದೆಯಿಂದ ಆನೆ ನುಗ್ಗಿತು. ನಾನು ಹೆದರಿಸಲೆಂದು ಗಾಳಿಯಲ್ಲಿ ಒಂದು ಗುಂಡು ಹಾರಿಸಿದೆ. ಅಷ್ಟರಲ್ಲಿ ಮಾವನನ್ನು ತುಳಿದಾಗಿತ್ತು.

ಒಂದೇ ಗುಂಡು. ಅವನ ರೈಫಲ್ ಪರೀಕ್ಷಿಸಿದವರೂ ಅದನ್ನೇ ಹೇಳಿದ್ದರು. ಆದರೆ ಆ ಗುಂಡು ಗಾಳಿಗೆ ಹೋಗಿರಲಿಲ್ಲ, ಆನೆಯ ಭುಜಕ್ಕೆ ಹೋಗಿತ್ತು.

ನುಗ್ಗಿ ಬಂದ ಆನೆಗೆ ಗುರಿಯಿಟ್ಟು ಹೊಡೆದವನನ್ನು ಯಾರೂ ಬೈಯುವುದಿಲ್ಲ. ಬೆನ್ನು ತಟ್ಟುತ್ತಾರೆ. ಹಾಗಿದ್ದೂ ಮಸೌಸೊ ಸುಳ್ಳು ಹೇಳಿದ್ದೇಕೆ?

*

ಯೋತಾಮನ ಹೆಂಡತಿ ಡೈನೆಸ್ ಮಧ್ಯಾಹ್ನ ಪಾರ್ಕಿನ ಗೇಟಿನ ಬಳಿ ಕಾಯುತ್ತಿದ್ದಳು. ಗಂಡ ಬಿದ್ದ ಜಾಗದಲ್ಲಿ ಹಿಟ್ಟು ಇಟ್ಟು ಅವನನ್ನು ಮನೆಗೆ ಕರೆಯಬೇಕು, ಹಾಗೇ ಬಿಟ್ಟರೆ ಅವನು ಕಾಡಲ್ಲೇ ಅಲೆಯುತ್ತಾನೆ ಎಂದು ಎಸ್ನಾಟ್‌ಳಲ್ಲಿ ಅಪ್ಪಣೆ ಕೇಳಿದ್ದಳು. ಕಪ್ಪು ಬಟ್ಟೆಯ ಮೇಲೆ ಸೊಂಟಕ್ಕೆ ಹೂವಿನ ಚಿಟೆಂಗೆ ಪಂಚೆ ಸುತ್ತಿದ್ದಳು. ಮಡಿಲಲ್ಲಿ ಮುಸುಕಿನ ಜೋಳದ ಹಿಟ್ಟಿನ ಪುಟ್ಟ ಬುಟ್ಟಿ. ಪಕ್ಕದಲ್ಲಿ ಮಸೌಸೊ, ಬಂದೂಕಿಲ್ಲದೆ, ಕೈ ಎಲ್ಲಿಡಬೇಕೆಂದು ತಿಳಿಯದವನ ಹಾಗೆ ನಿಂತಿದ್ದ.

ಜೀಪು ಹೊರಟಿತು. ಅತ್ತೆ ಅಳಿಯ ಇಬ್ಬರೂ ಹಿಂದೆ ಕೂತರು. ಮಳೆಗೆ ಮುಂಚಿನ ಬಿಸಿಲು ಹುಲ್ಲನ್ನೆಲ್ಲ ಬೂದಿಯ ಬಣ್ಣಕ್ಕೆ ತಿರುಗಿಸಿತ್ತು. ಪುಕು ಜಿಂಕೆಗಳು ಬತ್ತಿದ ಕೆರೆಯ ಅಂಚಿನಲ್ಲಿ ತಲೆ ತಗ್ಗಿಸಿ ನಿಂತಿದ್ದವು. ದಾರಿಗೆ ಅಡ್ಡ ಬಂದ ಜಿರಾಫೆಯೊಂದು ಜೀಪನ್ನು ನೋಡಿ, ಯೋಚಿಸಿ, ನಿಧಾನವಾಗಿ ಪಕ್ಕಕ್ಕೆ ಸರಿಯಿತು.

"ಮನೆಗೆ ಆನೆ ಮಾಂಸ ಕಳಿಸ್ತೀವಿ ಅಂದ್ರು ಪಾರ್ಕಿನವರು," ಎಂದಳು ಡೈನೆಸ್. "ಬೇಡ ಅಂತ ಹೇಳಿ ಕಳಿಸ್ದೆ."

"ಅದು ಪದ್ಧತಿ ಅಮ್ಮ. ಬಲಿಯಾದವರ ಮನೆಗೆ ಮೊದಲ ಪಾಲು."

"ಅಜ್ಜನ ಮಾಂಸ ತಿಂದ್ರೆ ನನ್ನ ಗಂಡ ನನ್ನ ಮುಖ ನೋಡಲ್ಲ. ಹೊಡೀಬೇಡಿ ಅಂತ ನಾನು ಹೇಳಿ ಕಳಿಸಿದ್ದೆ. ನಿಮಗೆ ತಲುಪಲಿಲ್ವೋ ಏನೋ."

ತಲುಪಿತ್ತು. ದುಃಖದಲ್ಲಿರುವ ಹೆಂಗಸಿನ ಮಾತೆಂದು ಎಸ್ನಾಟ್ ಅದನ್ನು ಬದಿಗಿಟ್ಟಿದ್ದಳು. ಈಗ ದಾರಿಯ ಮೇಲಿನ ಕಣ್ಣು ತೆಗೆಯದೆ ಜೀಪು ಓಡಿಸಿದಳು.

"ಮಗ ಬರಲಿಲ್ವಾ ನಿಮ್ಮ ಜೊತೆ?" ಎಂದು ಕೇಳಿದಳು.

"ಲಮೆಕ್‌ಗೆ ಜ್ವರ. ಅಪ್ಪ ಹೋದಾಗಿಂದ ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿದಾನೆ. ಕಿಟ್ವೆಯ ಗಣಿಯಿಂದ ಓಡಿ ಬಂದ ಪಾಪ. ಅಪ್ಪ ಸತ್ತ ಮಾರನೆ ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದ." ಡೈನೆಸ್ ಮಸೌಸೊನ ಕಡೆ ತಿರುಗಿದಳು. "ಇವನೂ ಹಾಗೇ. ದಿನಾ ಬಂದು ನೀರು ತುಂಬ್ತಾನೆ, ಸೌದೆ ಒಡೀತಾನೆ. ಎನ್ಶೀಮ ಮುದ್ದೆ ಮುಂದೆ ಇಟ್ರೆ ಮಾತ್ರ ಹಸಿವಿಲ್ಲ ಅಂತಾನೆ. ನನ್ನ ಕೈಯೂಟ ತಿಂದು ಬೆಳೆದವನು."

ಮಸೌಸೊ ಹೊರಗೆ ನೋಡುತ್ತಿದ್ದ.

*

ಯೋತಾಮ್ ಬಿದ್ದ ಜಾಗದಲ್ಲಿ ಆನೆತೊರಡುಕಾಯಿಯ ದೊಡ್ಡ ಮರವೊಂದಿತ್ತು. ಅದರಾಚೆ ದಟ್ಟವಾದ ಮುಳ್ಳುಪೊದೆ. ಎಡಕ್ಕೆ ಹೊಳೆಯ ದಡ ಗೋಡೆಯಂತೆ ಕಡಿದಾಗಿ ಇಳಿದಿತ್ತು. ಆ ಮಣ್ಣಿನ ಗೋಡೆಯ ತುಂಬ ಕೆಂಪು ಕಳ್ಳಿಪೀರ ಹಕ್ಕಿಗಳ ಗೂಡಿನ ತೂತುಗಳು. ಕೆಳಗೆ ಉಳಿದಿದ್ದ ಒಂದೇ ಮಡುವಿನಲ್ಲಿ ನೀರುಕುದುರೆಗಳು ಒಂದರ ಮೈಗೊಂದು ಒತ್ತಿಕೊಂಡು ಬಿದ್ದಿದ್ದವು, ಅಂಚಿನಲ್ಲಿ ಮೊಸಳೆಗಳು. ಆಚೆ ದಡದಲ್ಲಿ ಮರಳು, ಆಮೇಲೆ ಕಣ್ಣು ಹಾಯುವವರೆಗೆ ಬಯಲು.

ಡೈನೆಸ್ ಮರದ ಬುಡದಲ್ಲಿ ಮಂಡಿಯೂರಿದಳು. ಹಿಟ್ಟನ್ನು ಚಿಟಿಕೆ ಚಿಟಿಕೆಯಾಗಿ ಸುರಿದು ಪುಟ್ಟ ಗುಡ್ಡೆ ಮಾಡಿದಳು.

"ಮನೆಗೆ ಬನ್ನಿ," ಎಂದಳು, ಊಟಕ್ಕೆ ಕರೆಯುವ ದನಿಯಲ್ಲಿ. "ಇಲ್ಲಿ ಒಬ್ಬರೇ ಯಾಕೆ ಇರ್ತೀರಿ."

ಮಸೌಸೊ ಮುಖ ತಿರುಗಿಸಿ ದೂರ ನಡೆದ. ಎಸ್ನಾಟ್ ರೈಫಲ್ ಹೆಗಲಿಗೇರಿಸಿಕೊಂಡು ಅವನ ಹಿಂದೆ ಹೋದಳು.

"ನೀನು ಎಲ್ಲಿ ನಿಂತಿದ್ದೆ?"

"ಇಲ್ಲೇ ಮೇಡಂ. ಈ ಕೊರಡಿನ ಹತ್ತಿರ."

"ಮಾವ?"

"ಅಲ್ಲಿ, ಮರದ ಮುಂದೆ."

"ಅಂದ್ರೆ ನೀನು ಅವರ ಹಿಂದೆ. ಅವರ ಮುಖ ಪೊದೆ ಕಡೆ."

"ಹೌದು."

"ಆನೆ ಬಂತು. ನೀನು ಬಂದೂಕು ಎತ್ತಿದೆ. ಆಕಾಶಕ್ಕೋ ಆನೆಗೋ?"

"ಆಕಾಶಕ್ಕೆ ಅಂತ ಬರ್ಕೊಟ್ಟಿದೀನಲ್ಲ."

ಎಸ್ನಾಟ್ ಜೇಬಿನಿಂದ ಕಾಗದ ತೆಗೆದು ಬಿಚ್ಚಿದಳು. ಗುಂಡನ್ನು ಅವನ ಅಂಗೈ ಮೇಲಿಟ್ಟಳು.

"ಇದು ಆಕಾಶದಿಂದ ಬಿದ್ದದ್ದಾ?"

ಅವನು ಅದನ್ನು ನೋಡಿದ. ಕೊರಡಿನ ಮೇಲೆ ಕುಸಿದು ಕೂತ.

"ಹೂತ ಮೇಲೂ ತೆಗೆದ್ರಾ ಮಾವನ್ನ?" ಎಂದ, ಉಸಿರಿನಷ್ಟೇ ಮೆಲ್ಲಗೆ.

ಎಸ್ನಾಟ್‌ಗೆ ಆ ಪ್ರಶ್ನೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು.

"ಮಸೌಸೊ, ಇದು ಎಲ್ಲಿಂದ ಸಿಕ್ಕಿದೆ ಅಂತ ಅಂದ್ಕೊಂಡಿದೀಯ?"

ಅವನು ಅಳಲಿಲ್ಲ. ಅತ್ತು ಬತ್ತಿದವನ ದನಿಯಲ್ಲಿ ಹೇಳತೊಡಗಿದ. "ಆನೆಗೇ ಗುರಿ ಇಟ್ಟೆ ಮೇಡಂ. ದೇವರಾಣೆ ಆನೆಗೇ. ಬಂದೂಕಿನ ಕುದುರೆ ಎಳೆಯೋದಕ್ಕೂ ಮಾವ ಬೀಳೋದಕ್ಕೂ ಸರಿಹೋಯ್ತು. ಅಜ್ಜ ಒಂಚೂರೂ ಅಳುಕಲಿಲ್ಲ, ಅವರ ಮೇಲೆ ಹಾದು ಹೋಗ್ಬಿಟ್ಟ. ನನ್ನ ಗುಂಡು ಆನೆಗೆ ಬಿದ್ದಿಲ್ಲ ಅಂದ್ರೆ ಇನ್ಯಾರಿಗೆ ಬಿದ್ದಿರ್ಬೇಕು? ಗಾಳೀಲಿ ಹೊಡೆದೆ ಅಂದ್ರೆ ಯಾರೂ ಗುಂಡು ಹುಡುಕಲ್ಲ ಅಂತ ಹಾಗೆ ಹೇಳಿದೆ. ಅಜ್ಜನ ತಲೆಗೆ ಕಟ್ಟಿದೆ. ನೀವು ಅದನ್ನ ಹೊಡೆಸಿದ್ರಿ. ನಿನ್ನೆ ಬಂದೂಕಿನ ಸದ್ದು ಮನೆಗೆ ಕೇಳಿಸ್ತು. ಒಂದೊಂದೂ ಕೇಳಿಸ್ತು."

"ನನಗೆ ಗೊತ್ತಿತ್ತು ಕಣೋ."

ಇಬ್ಬರೂ ತಿರುಗಿದರು. ಡೈನೆಸ್ ಹಿಟ್ಟಿನ ಕೈಯಲ್ಲೇ ಹಿಂದೆ ಬಂದು ನಿಂತಿದ್ದಳು.

"ಮೈ ತೊಳೆದವಳು ನಾನು. ಆನೆ ತುಳಿದದ್ದು ಸೊಂಟದ ಕೆಳಗೆ. ಮೇಲೆ ಒಂದು ಗಾಯ ಇತ್ತು. ಆನೆಯ ಕಾಲಲ್ಲಿ ಅಂಥ ತೂತು ಆಗಲ್ಲ. ಬಟ್ಟೆ ತುರುಕಿ ಮುಚ್ಚಿದೆ. ಬೇರೆ ಹೆಂಗಸರು ನೋಡೋ ಮುಂಚೆ ಹೊದಿಸ್ಬಿಟ್ಟೆ."

"ಅತ್ತೆ," ಎಂದ ಮಸೌಸೊ.

"ಬಂದೂಕು ಇದ್ದದ್ದು ನಿನ್ನ ಕೈಲಿ. ಇನ್ನೇನು ಅಂದ್ಕೊಳ್ಳಲಿ? ಕೈ ತಪ್ಪಿದೆ ಅಂತ ಗೊತ್ತಾಯ್ತು. ಗಂಡ ಅಂತೂ ಹೋದ್ರು. ಅವರು ಎತ್ತಿ ಸಾಕಿದವನನ್ನ ಜೈಲಿಗೆ ಕಳಿಸಿ ನಾನು ಏನು ಸಾಧಿಸ್ಲಿ? ಸುಮ್ಮನಿದ್ದೆ. ಅಜ್ಜನ್ನ ಹೊಡೀಬೇಡಿ ಅಂತ ಮಾತ್ರ ಹೇಳಿ ಕಳಿಸ್ದೆ. ಅದೂ ಗಟ್ಟಿಯಾಗಿ ಹೇಳೋ ಧೈರ್ಯ ಆಗ್ಲಿಲ್ಲ."

ಅವನು ಅವಳ ಕಾಲ ಬಳಿ ಮುದುಡಿ ಕೂತ. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. ಕಪ್ಪು ಗುಂಗುರು ಕೂದಲಿಗೆ ಬಿಳಿ ಹಿಟ್ಟು ಅಂಟಿತು.

ಎಸ್ನಾಟ್ ಅವರಿಗೆ ಅಷ್ಟು ಹೊತ್ತು ಬಿಟ್ಟಳು. ಆಮೇಲೆ ಕೇಳಿದಳು. "ಅಮ್ಮ, ಗಾಯ ಎಲ್ಲಿತ್ತು?"

ಡೈನೆಸ್ ತನ್ನ ಎಡಗಡೆಯ ಕೊರಳಮೂಳೆಯ ಕೆಳಗೆ ಬೆರಳಿಟ್ಟಳು. "ಇಲ್ಲಿ."

"ಎದೇಲಾ? ಬೆನ್ನಲ್ಲಿ ಅಲ್ವಾ?"

"ಬೆನ್ನಲ್ಲಿ ಏನೂ ಇರ್ಲಿಲ್ಲ. ಮಗ್ಗುಲು ತಿರುಗಿಸಿ ತೊಳೆದಿದೀನಲ್ಲ. ಎದೇಲಿ, ಹರಿದ ಹಾಗೆ, ನನ್ನ ಹೆಬ್ಬೆಟ್ಟು ಹೋಗುವಷ್ಟು."

ಎಸ್ನಾಟ್ ಆ ಕೊರಡನ್ನೂ ಮರವನ್ನೂ ಪೊದೆಯನ್ನೂ ಒಂದೇ ಸಾಲಿನಲ್ಲಿ ನೋಡಿದಳು.

"ಮಸೌಸೊ, ಎದ್ದೇಳು. ನಾನು ಗೋರಿ ತೆಗೆಸಿಲ್ಲ. ನಿನ್ನ ಕೈಲಿರೋ ಗುಂಡು ಇವತ್ತು ಬೆಳಿಗ್ಗೆ ಆನೆಯ ಭುಜದಲ್ಲಿ ಸಿಕ್ಕಿದ್ದು. ನೀನು ಹಾರಿಸಿದ್ದು ಒಂದೇ. ಅದು ಆನೆಗೇ ಬಿದ್ದಿದೆ."

ಅವನು ತಲೆಯೆತ್ತಿದ. ಅವಳು ಬೇರೆ ಭಾಷೆಯಲ್ಲಿ ಮಾತಾಡಿದಳೇನೋ ಎನ್ನುವಂತಿತ್ತು ಅವನ ಮುಖ.

"ನೀನು ಅವರ ಹಿಂದೆ ಇದ್ದೆ. ಗಾಯ ಮುಂದೆ ಇದೆ."

"ಆದ್ರೆ ಸದ್ದು ಒಂದೇ ಮೇಡಂ. ನನ್ನ ಬಂದೂಕಿಂದು. ಅದರ ಹಿಂದೇನೇ ಮಾರ್ದನಿ ಬಂತು. ಪ್ರವಾಸಿಗಳೂ ಹಾಗೇ ಹೇಳಿದ್ರಲ್ಲ."

ಎಸ್ನಾಟ್ ರೈಫಲ್ ಇಳಿಸಿದಳು. "ಕಿವಿ ಮುಚ್ಕೊಳ್ಳಿ ಅಮ್ಮ," ಎಂದು ಬಯಲಿನ ಮೇಲಿನ ಆಕಾಶಕ್ಕೆ ಗುಂಡು ಹಾರಿಸಿದಳು.

ಕಳ್ಳಿಪೀರಗಳು ಒಟ್ಟಿಗೆ ಎದ್ದವು. ಮಣ್ಣಿನ ಗೋಡೆಯೇ ಕೆಂಪಾಗಿ ಹಾರಿದ ಹಾಗೆ. ನೀರುಕುದುರೆಗಳು ಬುಸುಗುಟ್ಟಿ ಮುಳುಗಿದವು. ಸದ್ದು ಹೊಳೆ ದಾಟಿ, ಮರಳು ದಾಟಿ, ಬಯಲಿನ ಮೇಲೆ ಹೋಗಿ ಕರಗಿತು. ಮೂವರೂ ಕಾದರು. ಅದು ಮರಳಿ ಬರಲಿಲ್ಲ.

"ಇಲ್ಲಿ ಮಾರ್ದನಿ ಆಗೋಕೆ ಗುಡ್ಡ ಇಲ್ಲ, ಬಂಡೆ ಇಲ್ಲ," ಎಂದಳು ಎಸ್ನಾಟ್. "ಆವತ್ತು ಕೇಳಿಸಿದ್ದು ಇನ್ನೊಂದು ಬಂದೂಕು. ಹೆಬ್ಬೆಟ್ಟು ಹೋಗೋ ಗಾಯ ಅಂದ್ರೆ ನಾಡಕೋವಿ. ಕಬ್ಬಿಣದ ಚೂರು ತುಂಬಿ ಹೊಡೆಯೋದು. ಆ ಪೊದೇಲಿ ಯಾರೋ ಅಜ್ಜನ ದಂತಕ್ಕೆ ಹೊಂಚು ಹಾಕಿ ಕೂತಿದ್ರು. ಅಜ್ಜ ಬೆದರಿದ್ದೇ ಅವರನ್ನ ನೋಡಿ."

ಮಸೌಸೊ ಮುಖ ಒರೆಸಿಕೊಂಡ. ಒಂದು ವಾರದಿಂದ ಹೊತ್ತದ್ದನ್ನು ಇಳಿಸಲು ಅವನಿಗೆ ಇನ್ನೂ ಧೈರ್ಯ ಬಂದಿರಲಿಲ್ಲ.

"ಇಲ್ಲ ಮೇಡಂ. ಮಾವಂಗೇ ಗೊತ್ತಿತ್ತು ನಾನು ಅಂತ. ಓಡಿ ಹೋದಾಗ ಇನ್ನೂ ಉಸಿರಿತ್ತು. ಯಾಕೋ ಮಗನೇ ಹೀಗೆ ಮಾಡ್ದೆ, ಅಂದ್ರು. ಅಷ್ಟೇ. ಆ ಮಾತು ಕಿವಿಯಿಂದ ಹೋಗ್ತಿಲ್ಲ."

"ಹುಚ್ಚಪ್ಪ," ಎಂದಳು ಡೈನೆಸ್, ವಾರದಲ್ಲಿ ಮೊದಲ ಬಾರಿಗೆ ನಕ್ಕ ಹಾಗೆ ಮುಖ ಸಡಿಲಿಸಿ. "ಅದು ನಿನಗೆ ಹೇಳಿದ್ದಾಗಿರೋಕೆ ಸಾಧ್ಯಾನೇ ಇಲ್ಲ. ನೀನು ಹುಟ್ಟಿದಾಗಿಂದ ಅವರ ಬಾಯಲ್ಲಿ ನೀನು ಅಳಿಯಪ್ಪ. ಬೈಯೋವಾಗ್ಲೂ ಅಳಿಯಪ್ಪ. ಮಗನೇ ಅಂತ ಅವರು ಕರೀತಿದ್ದದ್ದು..."

ಅವಳ ಮಾತು ನಿಂತಿತು.

ಬಾಯಿ ಹಾಗೇ ತೆರೆದಿತ್ತು. ಆ ಮುಖದಿಂದ ರಕ್ತ ಇಳಿದು ಹೋಗುವುದನ್ನು ಎಸ್ನಾಟ್ ನೋಡಿದಳು. ನೋಡಬಾರದಿತ್ತು ಎನ್ನಿಸಿತು. ಆದರೂ ಕೇಳಲೇಬೇಕಾದ ಪ್ರಶ್ನೆ ನಾಲಿಗೆಗೆ ಬಂದಿತ್ತು.

"ಅಮ್ಮ," ಎಂದಳು, ಆದಷ್ಟು ಮೃದುವಾಗಿ. "ಕಿಟ್ವೆಯಿಂದ ಇಲ್ಲಿಗೆ ಬಸ್ಸಲ್ಲಿ ಎರಡು ದಿನದ ದಾರಿ. ಲಮೆಕ್ ಮಾರನೆ ಬೆಳಿಗ್ಗೇನೇ ಬಾಗಿಲಲ್ಲಿ ನಿಂತಿದ್ದ ಅಂದ್ರಿ. ಅವನಿಗೆ ಸುದ್ದಿ ಹೇಳಿದ್ದು ಯಾರು?"

ಡೈನೆಸ್ ಮರದ ಬುಡದಲ್ಲಿದ್ದ ಹಿಟ್ಟಿನ ಗುಡ್ಡೆಯ ಕಡೆ ನೋಡಿದಳು. ಆಮೇಲೆ ಪೊದೆಯ ಕಡೆ ನೋಡಿದಳು. ಕೈ ಒರೆಸಿಕೊಂಡಳು. ಒಂದು ಸಲ, ಇನ್ನೊಂದು ಸಲ, ಚಿಟೆಂಗೆಯ ಹೂಗಳೆಲ್ಲ ಬಿಳಿಯಾಗುವ ತನಕ.

"ಬೆನ್ನಲ್ಲಿತ್ತು," ಎಂದಳು.

"ಏನಮ್ಮ?"

"ಗಾಯ. ಬೆನ್ನಲ್ಲಿತ್ತು. ಈಗ ನೆನಪಾಯ್ತು. ಅಳ್ತಾ ತೊಳೆದವಳಿಗೆ ಮುಂದೆ ಯಾವುದು ಹಿಂದೆ ಯಾವುದು ಎಲ್ಲಿ ತಿಳಿಯುತ್ತೆ? ಬೆನ್ನಲ್ಲೇ ಇತ್ತು. ಸಣ್ಣದು. ಇವನ ಬಂದೂಕಿಂದೇ."

ಅವಳು ಮಸೌಸೊನನ್ನು ನೋಡಲಿಲ್ಲ. ಅವನು ಮಾತ್ರ ಅವಳನ್ನೇ ನೋಡುತ್ತಿದ್ದ. ತಲೆಯ ಮೇಲೆ ಅವಳ ಬೆರಳುಗಳ ಹಿಟ್ಟಿನ ಗುರುತು ಇನ್ನೂ ಇತ್ತು. ಅವನ ಮುಖದಲ್ಲಿ ಮೊದಲು ಬೆರಗು ಬಂತು. ಆಮೇಲೆ ನೋವು. ಕೊನೆಗೆ ಎರಡೂ ಹೋಗಿ, ತನಗೆ ಅಭ್ಯಾಸವಾದ ಭಾರವನ್ನೇ ಮತ್ತೆ ಹೆಗಲಿಗೆ ಎಳೆದುಕೊಂಡವನ ನಿರಾಳ ಉಳಿಯಿತು.

"ಹೌದು ಮೇಡಂ," ಎಂದ. "ಬೆನ್ನಲ್ಲೇ. ಅತ್ತೆ ಸರಿಯಾಗೇ ಹೇಳ್ತಿದಾರೆ. ನಂದೇ ತಪ್ಪು. ಬರ್ಕೊಳ್ಳಿ."

"ಮಸೌಸೊ, ಆ ಗುಂಡು ಇಲ್ಲಿ ಕೊಡು."

ಅವನು ಮುಷ್ಟಿ ಬಿಗಿದ. ತೋಳು ಹಿಂದಕ್ಕೆ ಹೋಯಿತು. ಅವಳು ಒಂದೇ ಹೆಜ್ಜೆ ದೂರದಲ್ಲಿದ್ದಳು. ಕೈ ಚಾಚಿದ್ದರೆ ಹಿಡಿಯಬಹುದಿತ್ತು. ಯಾಕೆ ಚಾಚಲಿಲ್ಲ ಎಂದು ಆಮೇಲೆ ಎಷ್ಟು ಯೋಚಿಸಿದರೂ ಅವಳಿಗೆ ಪ್ರಾಮಾಣಿಕ ಉತ್ತರ ಸಿಗಲಿಲ್ಲ.

ಮಡುವಿನ ನಡುವೆ ಸಣ್ಣ ಸದ್ದಾಯಿತು. ಮಸೌಸೊನ ತಪ್ಪಿಲ್ಲವೆಂದು ತೋರಿಸುವ ಗುಂಡು ಕೆಸರು ಸೇರಿತು. ನೀರುಕುದುರೆಯೊಂದು ಮೂಗು ಮೇಲಕ್ಕೆತ್ತಿ ಮತ್ತೆ ಮುಳುಗಿತು. ಆ ಕೆಸರಿಗೆ, ಆ ಮೊಸಳೆಗಳ ನಡುವೆ ಇಳಿದು ಹುಡುಕುವವರು ಯಾರೂ ಇರಲಿಲ್ಲ.

ಮಸೌಸೊ ಬೇಡಿ ಹಾಕಲೆಂದು ಎರಡೂ ಕೈ ಮುಂದೆ ಚಾಚಿ ನಿಂತ. ಡೈನೆಸ್ ನೆಲ ನೋಡುತ್ತಿದ್ದಳು. ತುಟಿ ಅಲುಗುತ್ತಿತ್ತು. ಯಾರ ಹೆಸರೆಂದು ಕೇಳಿಸಲಿಲ್ಲ.

ಜೀಪಿನೊಳಗಿನ ವೈರ್‌ಲೆಸ್ ಕರಕರ ಎಂದಿತು. ಪಾರ್ಕಿನ ವಾರ್ಡನ್ ದನಿ.

"ಎಸ್ನಾಟ್, ಆನೇಲಿ ಬೇರೆ ಗುಂಡು ಸಿಕ್ಕಿದೆ ಅಂತಿದಾರೆ ಡಾಕ್ಟರು. ರಾಜಧಾನಿಯಿಂದ ಫೋನ್ ಮೇಲೆ ಫೋನ್. ಗುಂಡು ನಿಮ್ಮ ಹತ್ತಿರ ಇದೆಯಾ?"

ಅವಳು ಜೀಪಿನವರೆಗೆ ನಡೆದಳು. ಬೆನ್ನ ಮೇಲೆ ಇಬ್ಬರ ಕಣ್ಣೂ ಇದ್ದವು. ವೈರ್‌ಲೆಸ್ ಕೈಗೆತ್ತಿಕೊಂಡು, ಮಸೌಸೊನ ಚಾಚಿದ ಕೈಗಳ ಕಡೆ ತಿರುಗಿ ನೋಡಿ, ಗುಂಡಿ ಒತ್ತಿ, ಖಾಲಿ ಜೇಬಿನ ಮೇಲೆ ಇನ್ನೊಂದು ಕೈಯಿಟ್ಟಳು.

"ಇದೆ ಸಾರ್," ಎಂದಳು ಎಸ್ನಾಟ್. "ತರ್ತಿದೀನಿ."